ಕೊಲ್ಲುವುದಿಲ್ಲ ಎಂದ ಮೇಲೆ: ನಾಯಿಗಳ ಆಶ್ರಯಧಾಮ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಎಂಟು ನಾಯಿ ಇರಬೇಕಾದ ಜಾಗಕ್ಕೆ ಇಪ್ಪತ್ತು ನಾಯಿ ತುಂಬಿ, ಅವು ಊಟಕ್ಕಾಗಿ ಕಚ್ಚಾಡಿ, ಪಾರ್ವೊ ಎಂಬ ವಾಂತಿ-ಭೇದಿಯ ವೈರಾಣು ರೋಗ ನುಗ್ಗಿ ಮರಿಗಳೆಲ್ಲ ವಾರದೊಳಗೆ ಸತ್ತರೆ, ಅಲ್ಲಿ ಯಾರೂ ಸೂಜಿ ಚುಚ್ಚಿ ಕೊಂದಿರುವುದಿಲ್ಲ. ಆದರೂ ಆ ಸಾವಿನ ಹೊಣೆ ಶೆಲ್ಟರಿನದೇ. ‘ಇಲ್ಲಿ ಕೊಲ್ಲುವುದಿಲ್ಲ’ ಎಂದು ಬೋರ್ಡು ಹಾಕುವವರು ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಆ ಮಾತು ಉಳಿಯುವುದೋ ಮುರಿಯುವುದೋ ಎಂಬುದು ಗೇಟಿನಲ್ಲೇ, ಎಷ್ಟು ನಾಯಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತೀರಿ ಎಂಬ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ 30ರಿಂದ 60 ನಾಯಿ ಸಾಕುವ ಟ್ರಸ್ಟುಗಳನ್ನು, ಹೊಸದಾಗಿ ಶುರು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ.

ಕಾನೂನಿನ ಚೌಕಟ್ಟು

‘ನೋ-ಕಿಲ್’ ಎಂಬ ಮಾತು ಅಮೆರಿಕದಿಂದ ಬಂದದ್ದು. ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಆರೋಗ್ಯವಂತ ನಾಯಿ, ಬೆಕ್ಕುಗಳನ್ನೂ ಅಲ್ಲಿನ ಶೆಲ್ಟರುಗಳು ಕೊಲ್ಲುತ್ತಿದ್ದವು. ಅದಕ್ಕೆ ಎದುರಾಗಿ ಆ ಚಳವಳಿ ಎದ್ದಿತು. 100ಕ್ಕೆ 90 ಪ್ರಾಣಿಗಳು ಜೀವಂತ ಹೊರಗೆ ಹೋದರೆ ಅದು ನೋ-ಕಿಲ್ ಎಂಬುದು ಅಲ್ಲಿನ ರೂಢಿ.

ನಮ್ಮಲ್ಲಿ ಬೀದಿನಾಯಿಯನ್ನು ಮನಬಂದಂತೆ ಕೊಲ್ಲುವುದು ಮೊದಲೇ ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, 2001ರ ನಿಯಮಗಳ ಜಾಗಕ್ಕೆ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿವೆ. ಈ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್) ನಿಯಮಗಳ ಮೂಲ ಸೂತ್ರ ಸರಳ: ಹಿಡಿಯಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬೇಕು, ರೇಬೀಸ್ ಲಸಿಕೆ ಹಾಕಬೇಕು, ಹಿಡಿದ ಜಾಗಕ್ಕೇ ಬಿಡಬೇಕು. ಅಂದರೆ ಕಿವಿಯಲ್ಲಿ ‘ವಿ’ ಆಕಾರದ ಗುರುತಿರುವ, ಗಟ್ಟಿಮುಟ್ಟಾದ ಬೀದಿನಾಯಿಯ ಮನೆ ಅದರ ಬೀದಿಯೇ. ಅದನ್ನು ತಂದು ಕೂಡಿಹಾಕಿದರೆ ಕಾಲು ಮುರಿದುಕೊಂಡ ಇನ್ನೊಂದು ನಾಯಿಯ ಜಾಗ ಹೋಯಿತು.

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯಧಾಮಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿತು. ಹಾಗಾಗಿ ಈಗ ಸ್ಥಳೀಯ ಸಂಸ್ಥೆಗಳಿಂದ ‘ಇನ್ನೂ ಇಪ್ಪತ್ತು ತಗೊಳ್ಳಿ’ ಎಂಬ ಒತ್ತಡ ಬರುತ್ತದೆ. ಅದಕ್ಕೆ ಉತ್ತರ ಕೊಡುವಾಗ ಕೈಯಲ್ಲಿ ಅಂಕಿ ಇರಬೇಕು.

ಎಷ್ಟು ನಾಯಿ? ಮೂರು ಲೆಕ್ಕ

ಮೊದಲನೆಯದು ಕೈಗಳ ಲೆಕ್ಕ. ಬರೀ ಊಟ ಮತ್ತು ಶುಚಿಗೆ ಒಂದು ನಾಯಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕು: 9 ನಿಮಿಷ ಗೂಡು ತೊಳೆಯಲು, 6 ನಿಮಿಷ ಊಟಕ್ಕೆ. ಶೆಲ್ಟರ್ ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಲೆಕ್ಕವಿದು. 40 ನಾಯಿಗೆ 600 ನಿಮಿಷ, ಅಂದರೆ 10 ಗಂಟೆ. ಔಷಧಿ, ಅಡುಗೆ, ಓಡಾಡಿಸುವುದು, ದತ್ತು ಕೇಳಿ ಬಂದವರೊಂದಿಗೆ ಮಾತು, ಯಾವುದೂ ಇದರಲ್ಲಿ ಸೇರಿಲ್ಲ. ಎಲ್ಲ ಕೂಡಿದರೆ ದಿನಕ್ಕೆ ಇಬ್ಬರು ಪೂರಾ ಕೆಲಸಗಾರರು. ವಾರದ ರಜೆ, ಹಬ್ಬ, ಜ್ವರ ಎಂದು ನೋಡಿದರೆ ಮೂವರು. ಒಬ್ಬರೇ ಇದ್ದೀರಾ? ಹಾಗಿದ್ದರೆ ಜಾಗ ಎಷ್ಟೇ ದೊಡ್ಡದಿರಲಿ, ನಿಮ್ಮ ಶಕ್ತಿ 15ರಿಂದ 20 ನಾಯಿಗೆ ಮುಗಿಯಿತು.

ಎರಡನೆಯದು ದಿನಗಳ ಲೆಕ್ಕ. ತಿಂಗಳಿಗೆ 10 ನಾಯಿ ಬರುತ್ತವೆ, ಒಂದೊಂದೂ ಸರಾಸರಿ 2 ತಿಂಗಳು ಇರುತ್ತದೆ ಎಂದುಕೊಳ್ಳಿ. ಯಾವತ್ತು ಎಣಿಸಿದರೂ ಒಳಗೆ 20 ನಾಯಿ. ಅದೇ 10 ನಾಯಿ 4 ತಿಂಗಳು ನಿಂತರೆ 40. ಬರುವ ಸಂಖ್ಯೆ ಒಂದೂ ಹೆಚ್ಚಲಿಲ್ಲ, ಶೆಲ್ಟರ್ ಮಾತ್ರ ಇಮ್ಮಡಿ ತುಂಬಿತು. ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ಮೂರು ವಾರ ಕಾಯುವುದು, ದತ್ತು ಕೊಡಲು ಫೋಟೊ ಹಾಕಲು ತಿಂಗಳು ತಡಮಾಡುವುದು, ಇಂಥ ಸಣ್ಣ ತಡಗಳೇ ಗೂಡುಗಳನ್ನು ತುಂಬಿಸುತ್ತವೆ. ಹೊಸ ಗೂಡು ಕಟ್ಟಿಸುವ ಮೊದಲು ಈ ತಡಗಳನ್ನು ಹುಡುಕಿ.

ಮೂರನೆಯದು ಖಾಯಂ ನಿವಾಸಿಗಳ ಲೆಕ್ಕ. ಬೆನ್ನುಮೂಳೆ ಮುರಿದ, ಕುರುಡಾದ, ಮುದಿಯಾದ ನಾಯಿಗಳು ಸಾಯುವವರೆಗೂ ಅಲ್ಲೇ ಇರುತ್ತವೆ. ಹಿಂಗಾಲು ಸ್ವಾಧೀನ ತಪ್ಪಿದ ನಾಯಿಗೆ ದಿನಕ್ಕೆ ಮೂರು-ನಾಲ್ಕು ಸಲ ಹೊಟ್ಟೆಯ ಕೆಳಗೆ ಒತ್ತಿ ಮೂತ್ರ ಖಾಲಿ ಮಾಡಿಸಬೇಕು, ತೊಳೆದು ಒರೆಸಬೇಕು, ಮಗ್ಗುಲು ಬದಲಿಸಬೇಕು. ಸಲಕ್ಕೆ 10 ನಿಮಿಷವೆಂದರೂ ದಿನಕ್ಕೆ 40 ನಿಮಿಷ. ಈ ಕೆಲಸವೊಂದೇ ಎರಡೂವರೆ ನಾಯಿಯ ಊಟ-ಶುಚಿಗಿಂತ ಹೆಚ್ಚಾಯಿತು. ಒಂದು ಹೊತ್ತು ತಪ್ಪಿದರೂ ಮೂತ್ರ ನಿಂತು ಸೋಂಕಾಗುತ್ತದೆ, ತೊಡೆಯ ಚರ್ಮ ಸುಟ್ಟಂತೆ ಕೆಂಪಾಗುತ್ತದೆ, ಮೂರನೇ ದಿನಕ್ಕೆ ನೊಣ ಮುತ್ತಿ ಹುಳು ಬೀಳುತ್ತದೆ. ಇವುಗಳನ್ನು ಎಷ್ಟು ಸಾಕಬಲ್ಲಿರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮೂರು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಅದರಲ್ಲೂ ಹತ್ತರಲ್ಲಿ ಒಂದು ಗೂಡು ಯಾವಾಗಲೂ ಖಾಲಿ ಇರಲಿ. ರಾತ್ರಿ ಹನ್ನೊಂದಕ್ಕೆ ಲಾರಿಗೆ ಸಿಕ್ಕ ನಾಯಿ ಬಂದಾಗ ಅದು ಬೇಕಾಗುತ್ತದೆ. ಗೂಡು ತುಂಬಿದಾಗ ಗೇಟಿಗೆ ಬಂದವರಿಗೆ ‘ಆಗಲ್ಲ’ ಎಂದಷ್ಟೇ ಹೇಳಿ ಕಳಿಸಬೇಡಿ. ಮರಿಗಳನ್ನು ತಾಯಿಯ ಜೊತೆ ಅವರ ಬೀದಿಯಲ್ಲೇ ಎಂಟು ವಾರ ನೋಡಿಕೊಳ್ಳುವುದು ಹೇಗೆ, ಗಾಯಕ್ಕೆ ಯಾವ ಪಶು ಆಸ್ಪತ್ರೆಗೆ ಹೋಗಬೇಕು, ಶಸ್ತ್ರಚಿಕಿತ್ಸೆಗೆ ಯಾವ ದಿನ ತರಬೇಕು ಎಂದು ಬರೆದ ಒಂದು ಚೀಟಿ ಕೊಡಿ. ಬಂದವರಲ್ಲಿ ಅನೇಕರಿಗೆ ಬೇಕಾಗಿರುವುದು ಇಷ್ಟೇ.

ಬಂದ ಮೊದಲ ಅರ್ಧ ಗಂಟೆ

ಹೊಸ ನಾಯಿ ಹಳೆಯ ನಾಯಿಗಳ ಮುಂದೆ ಹಾದುಹೋಗಬಾರದು. ಗೇಟಿನ ಪಕ್ಕದಲ್ಲೇ ಒಂದು ಕೋಣೆ, ತೊಳೆಯಲು ಬರುವ ಮೇಜು, ತಕ್ಕಡಿ, ಪುಸ್ತಕ. ತಂದವರ ಹೆಸರಿನಷ್ಟೇ ಮುಖ್ಯ ಹಿಡಿದ ಜಾಗದ ಗುರುತು: ‘ಮಾರ್ಕೆಟ್ ಹತ್ತಿರ’ ಎಂದರೆ ಸಾಲದು, ಯಾವ ಕ್ರಾಸ್, ಯಾವ ಅಂಗಡಿ ಎಂದು ಬರೆಯಿರಿ. ಶಾಲೆ, ಆಸ್ಪತ್ರೆಯಂಥ ಆವರಣದ್ದಲ್ಲದಿದ್ದರೆ ಗುಣವಾದ ಮೇಲೆ ಅಲ್ಲಿಗೇ ಬಿಡಬೇಕು.

ನಂತರ ತೂಕ, ಜ್ವರ (ನಾಯಿಯ ಸಹಜ ಉಷ್ಣಾಂಶ 38ರಿಂದ 39.2 ಡಿಗ್ರಿ ಸೆಲ್ಸಿಯಸ್), ಒಸಡಿನ ಬಣ್ಣ. ಒಸಡು ಬಿಳುಚಿ, ಮೂಗಿನಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲ ಅನುಮಾನ ಉಣ್ಣಿ ಜ್ವರ. ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಸೋಂಕು ಎಂದು ಗೊತ್ತಾದರೆ ವೈದ್ಯರು ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, 28 ದಿನ. ನಾಲ್ಕನೇ ದಿನಕ್ಕೇ ನಾಯಿ ಎದ್ದು ಓಡಾಡುತ್ತದೆ, ಹತ್ತನೇ ದಿನಕ್ಕೆ ಮಾತ್ರೆ ನಿಂತುಬಿಡುತ್ತದೆ, ತಿಂಗಳಾದ ಮೇಲೆ ರೋಗ ಮರಳುತ್ತದೆ. ಗೂಡಿನ ಬಾಗಿಲಿಗೇ 28 ಚೌಕದ ಹಾಳೆ ತೂಗುಹಾಕಿ, ಮಾತ್ರೆ ಕೊಟ್ಟವರು ಚೌಕ ತುಂಬಲಿ.

ಹುಳು ಬಿದ್ದ ಗಾಯಕ್ಕೆ ಪೆಟ್ರೋಲ್, ಫಿನಾಯಿಲ್ ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಹುಳುವಿನ ಜೊತೆ ಮಾಂಸವೂ ಸುಡುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಸಲೈನ್‌ನಲ್ಲಿ ತೊಳೆದು, ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ತೆಗೆದೆವು ಎಂದುಕೊಂಡ ಮೇಲೂ ಒಳಗೆ ಪೊಟರೆಯಲ್ಲಿ ಉಳಿದಿರುತ್ತವೆ. ಮೂರು ದಿನ ಮತ್ತೆ ಮತ್ತೆ ನೋಡಿ.

ಲಸಿಕೆಯನ್ನು ನಾಳೆಗೆ ಇಡಬೇಡಿ. ಡಿಸ್ಟೆಂಪರ್ (ಉಸಿರಾಟ, ನರಗಳಿಗೆ ತಗಲುವ ವೈರಾಣು ರೋಗ), ಪಾರ್ವೊ ಸೇರಿದ ಸಂಯುಕ್ತ ಲಸಿಕೆ ಬಂದ ಗಳಿಗೆಯಲ್ಲೇ ಬೀಳಬೇಕು. ಸಣ್ಣಪುಟ್ಟ ಗಾಯ, ನೆಗಡಿ ಅಡ್ಡಿಯಲ್ಲ. ಮರಿಗಳಿಗೆ 4ರಿಂದ 6 ವಾರಕ್ಕೆ ಶುರು ಮಾಡಿ, 2-3 ವಾರಕ್ಕೊಮ್ಮೆ, 16ರಿಂದ 20 ವಾರ ತುಂಬುವವರೆಗೆ ಹಾಕುತ್ತಲೇ ಇರಬೇಕು. ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ, ಅದು ಯಾವ ವಾರ ಇಳಿಯುತ್ತದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ‘ಎರಡು ಇಂಜೆಕ್ಷನ್ ಆಗಿತ್ತು, ಆದರೂ ಸತ್ತುಹೋಯ್ತು’ ಎನ್ನುವ ಮರಿಗಳಲ್ಲಿ ಹೆಚ್ಚಿನವು ಈ ಸಂದಿಯಲ್ಲಿ ಸಿಕ್ಕವು. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳು ತುಂಬಿದಾಗ. ಕರಾವಳಿ, ಮಲೆನಾಡಿನಲ್ಲಿ ಇಲಿಜ್ವರದ ಲಸಿಕೆಯನ್ನೂ ಸೇರಿಸಿ. ಆ ರೋಗ ನಾಯಿಯ ಮೂತ್ರದಿಂದ ಗೂಡು ತೊಳೆಯುವವರಿಗೂ ತಗಲುತ್ತದೆ.

ಆಮೇಲೆ 14 ದಿನ ಪ್ರತ್ಯೇಕ ವಾಸ. ಪಾರ್ವೊ ಸಾಮಾನ್ಯವಾಗಿ ವಾರದೊಳಗೆ ಹೊರಬೀಳುತ್ತದೆ. ಡಿಸ್ಟೆಂಪರ್ ಅದಕ್ಕಿಂತ ತಡವಾಗಿಯೂ ಬರಬಹುದು. ಹಾಗಾಗಿ ಕಣ್ಣು-ಮೂಗಿನಲ್ಲಿ ಪಿಸುರು ಕಂಡ ನಾಯಿಯ ದಿನಗಳನ್ನು ಮತ್ತೆ ಒಂದರಿಂದ ಎಣಿಸಿ.

ತೊಳೆಯುವ ಕೆಲಸ

ಒಳ್ಳೆಯ ಶೆಲ್ಟರಿಗೂ ಕೆಟ್ಟ ಶೆಲ್ಟರಿಗೂ ಇರುವ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬಕೆಟ್ಟಿನಲ್ಲಿ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಫಿನಾಯಿಲ್‌ಗೆ ಅದು ಸಾಯುವುದಿಲ್ಲ. ವಾಸನೆ ಘಮ್ಮೆಂದರೆ ನೆಲ ಶುದ್ಧವಾಯಿತೆಂದು ಅರ್ಥವಲ್ಲ. ಬೆಕ್ಕುಗಳಿರುವ ಕಡೆಯಂತೂ ಫಿನಾಯಿಲ್ ತರಲೇಬೇಡಿ, ಅವುಗಳಿಗೆ ಅದು ವಿಷ.

ಕೆಲಸಕ್ಕೆ ಬರುವುದು ನಮ್ಮ ಬ್ಲೀಚಿಂಗ್ ಪೌಡರ್ರೇ. 30 ಪ್ರತಿಶತ ಕ್ಲೋರಿನ್ ಇರುವ ಪುಡಿಯಾದರೆ 10 ಲೀಟರ್ ನೀರಿಗೆ 50 ಗ್ರಾಂ. 5 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ 10 ಲೀಟರಿಗೆ ಸುಮಾರು 300 ಮಿಲಿ. ಇದಕ್ಕಿಂತ ಹೆಚ್ಚು ಹಾಕಿದರೆ ನಾಯಿಯ ಪಾದ, ಕೆಲಸಗಾರರ ಗಂಟಲು ಎರಡೂ ಉರಿಯುತ್ತವೆ. ಕಡಿಮೆ ಹಾಕಿದರೆ ವೈರಾಣು ಉಳಿಯುತ್ತದೆ. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನೇದಿನೇ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ, ತಂದ ತಾರೀಕು ಬರೆಯಿರಿ. ಬೆರೆಸಿದ ನೀರನ್ನು ಅಂದೇ ಮುಗಿಸಿ.

ಕ್ರಮ ಹೀಗೆ:

1. ನಾಯಿಯನ್ನು ಗೂಡಿನ ಇನ್ನೊಂದು ಭಾಗಕ್ಕೆ ಸರಿಸಿ, ನಡುವಿನ ಬಾಗಿಲು ಹಾಕಿ. ನಾಯಿ ಒಳಗಿರುವಾಗ ಪೈಪ್ ಹಿಡಿದು ನೀರು ಬಿಡಬೇಡಿ. ಒದ್ದೆ ಮೈಯಲ್ಲಿ ಮೂಲೆಗೆ ಮುದುಡಿ ಕೂರುವ ನಾಯಿ, ಮರುದಿನದಿಂದ ಬಕೆಟ್ ಸದ್ದಿಗೇ ನಡುಗತೊಡಗುತ್ತದೆ.
2. ಮಲವನ್ನು ಒಣಗಿದ್ದಂತೆಯೇ ಬಾಚಿ ತೆಗೆಯಿರಿ. ನೀರು ಬಿಟ್ಟು ಮೋರಿಗೆ ತಳ್ಳಿದರೆ ಪಕ್ಕದ ಗೂಡಿಗೆ ರೋಗ ಹಂಚಿದಂತೆ.
3. ಸೋಪಿನ ಪುಡಿ ಹಾಕಿ ಉಜ್ಜಿ, ನೀರಿನಲ್ಲಿ ತೊಳೆದು, ನೀರು ತಳ್ಳಿ. ಈ ಹಂತ ಬಿಟ್ಟವರ ಬ್ಲೀಚ್ ದಂಡ: ಕೊಳೆ ತಗುಲಿದೊಡನೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ.
4. ಬ್ಲೀಚಿಂಗ್ ನೀರು ಹರಡಿ, ಗಡಿಯಾರ ನೋಡಿ 10 ನಿಮಿಷ ಒದ್ದೆಯಾಗೇ ಬಿಡಿ. ಬೇಸಿಗೆಯಲ್ಲಿ ನಾಲ್ಕೇ ನಿಮಿಷಕ್ಕೆ ಒಣಗಿದರೆ ಮತ್ತೆ ಹರಡಿ.
5. ತೊಳೆದು, ಒಣಗಿಸಿ, ಆಮೇಲೆ ನಾಯಿಯನ್ನು ಬಿಡಿ.

ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಬ್ಲೀಚ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಸರದಿಯೂ ಮುಖ್ಯ: ಮೊದಲು ಮರಿಗಳ ಗೂಡು, ನಂತರ ಆರೋಗ್ಯವಂತ ದೊಡ್ಡ ನಾಯಿಗಳು, ನಂತರ ಪ್ರತ್ಯೇಕ ವಾಸದವು, ಕಡೆಗೆ ರೋಗಿಗಳು. ರೋಗಿಗಳ ಕೋಣೆಗೆ ಬೇರೆಯದೇ ಪೊರಕೆ, ಬಕೆಟ್, ಗಂಬೂಟು, ಬಣ್ಣದಲ್ಲಿ ಗುರುತಿರಲಿ.

ಗೂಡು ಕಟ್ಟುವಾಗಲೇ ಇದಕ್ಕೆ ಅನುಕೂಲ ಮಾಡಿಕೊಳ್ಳಬಹುದು. ಮಧ್ಯಮ ಗಾತ್ರದ ನಾಯಿಗೆ 4×6 ಅಡಿಯ ನೆರಳಿನ ಕೋಣೆ, ಅದಕ್ಕಂಟಿ ಅಷ್ಟೇ ಅಥವಾ ಇನ್ನೂ ದೊಡ್ಡ ತೆರೆದ ಅಂಗಳ, ನಡುವೆ ಮೇಲಕ್ಕೆತ್ತುವ ಬಾಗಿಲು. ನೆಲಕ್ಕೆ ಹತ್ತಡಿಗೆ ಎರಡೂವರೆ ಇಂಚಿನ ಇಳಿಜಾರು, ಮೋರಿ ಗೂಡಿನ ಹೊರಗೆ. ಗೋಡೆಯ ಬಿರುಕು ಕಂಡಂತೆ ಸಿಮೆಂಟ್ ಮೆತ್ತಿ, ಉಣ್ಣಿ ಮೊಟ್ಟೆಯಿಡುವುದು ಅಲ್ಲೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬರೀ ತಗಡಿನ ಸೂರು ಒಲೆಯಾಗುತ್ತದೆ. ಮೇಲೆ ಸೋಗೆಯನ್ನೋ ಹುಲ್ಲನ್ನೋ ಹೊದಿಸಿ.

ಊಟ

15 ಕೆಜಿಯ, ಶಸ್ತ್ರಚಿಕಿತ್ಸೆಯಾದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ಮನೆ ಅಡುಗೆಯಲ್ಲಿ ಅದು 300 ಗ್ರಾಂ ಅನ್ನ, 200 ಗ್ರಾಂ ಬೇಯಿಸಿದ ಮೂಳೆರಹಿತ ಕೋಳಿ, ಒಂದು ಚಮಚ ಎಣ್ಣೆ, ಒಂದು ಹಿಡಿ ಕುಂಬಳ ಅಥವಾ ಕ್ಯಾರೆಟ್, ಅರ್ಧ ಟೀ ಚಮಚ ಮೊಟ್ಟೆ ಚಿಪ್ಪಿನ ಪುಡಿ. ಚಿಪ್ಪಿನ ಪುಡಿ ಬಿಟ್ಟರೆ ಸುಣ್ಣದಂಶ ಸಾಲದೆ ಬೆಳೆಯುವ ಮರಿಗಳ ಕಾಲು ಸೊಟ್ಟಗಾಗುತ್ತದೆ. ಮರಿಗಳ ಪ್ರಮಾಣವನ್ನು ವೈದ್ಯರಲ್ಲೇ ಕೇಳಿ. ಬರೀ ಹಾಲು-ಅನ್ನದಲ್ಲಿ ಹೊಟ್ಟೆ ಉಬ್ಬುತ್ತದೆ, ಮೈ ಬರುವುದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಗಟ್ಟಿ ಮೂಳೆ ಬೇಡ. ಮದುವೆ ಮನೆಯಲ್ಲಿ ಉಳಿದದ್ದೆಂದು ಪ್ರೀತಿಯಿಂದ ತಂದುಕೊಟ್ಟ ಪಲಾವಿನಲ್ಲಿ ಈರುಳ್ಳಿ, ಒಣದ್ರಾಕ್ಷಿ ಎರಡೂ ಇರುತ್ತವೆ. ಬೇಡ ಎನ್ನಲು ಸಂಕೋಚಪಡಬೇಡಿ, ಅಕ್ಕಿ ಕೊಡಿ ಎಂದು ಕೇಳಿ.

ವಾರಗಟ್ಟಲೆ ಉಪವಾಸ ಬಿದ್ದು ಎಲುಬುಗೂಡಾದ ನಾಯಿ ಬಂದಾಗ ಕರುಳು ಚುರುಕ್ಕೆನ್ನುತ್ತದೆ, ಕೈ ದೊಡ್ಡ ಬಟ್ಟಲಿಗೇ ಹೋಗುತ್ತದೆ. ಆ ತುಂಬಿದ ಬಟ್ಟಲು ಅದನ್ನು ಕೊಲ್ಲಬಹುದು. ಒಮ್ಮೆಲೇ ಅನ್ನ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಅಲ್ಪ ರಂಜಕ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದು ಹೃದಯ ನಿಲ್ಲುತ್ತದೆ. 9 ಕೆಜಿಗೆ ಇಳಿದ ನಾಯಿಗೆ ಮೊದಲ ದಿನ 90 ಕ್ಯಾಲೊರಿ ಸಾಕು. ಅಂದರೆ ಹೆಚ್ಚೂಕಡಿಮೆ ಒಂದು ಬೇಯಿಸಿದ ಮೊಟ್ಟೆ ಮತ್ತು ಎರಡು ತುಣುಕು ಕೋಳಿ, ಅದನ್ನೂ ಐದಾರು ಸಲಕ್ಕೆ ಹಂಚಿ. ಅನ್ನ ಬೇಡ. ನಾಲ್ಕೈದು ದಿನದಲ್ಲಿ ಮೆಲ್ಲಗೆ 360 ಕ್ಯಾಲೊರಿಗೆ ಏರಿಸಿ, ಪೂರ್ತಿ ಊಟ ಅದರ ನಂತರ.

ಮೈಯಷ್ಟೇ ಮನಸ್ಸೂ

ಗೂಡಿನಲ್ಲಿ ಗಿರಗಿರನೆ ಸುತ್ತುವ, ಬಾಲವನ್ನೇ ಕಚ್ಚಿಕೊಳ್ಳುವ, ಗೋಡೆ ನೋಡುತ್ತ ಮಲಗುವ ನಾಯಿಗೆ ರೋಗವಿಲ್ಲದಿರಬಹುದು, ಕಷ್ಟ ಇದೆ. ದಿನಕ್ಕೆ ಎರಡು ಸಲ ಗೂಡಿನಿಂದ ಹೊರಗೆ, ಒಟ್ಟು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ. ಒಗ್ಗುವ ನಾಯಿಗಳನ್ನು ನಾಲ್ಕರಿಂದ ಆರರ ಗುಂಪಿನಲ್ಲಿ ಬಿಡಿ, ಊಟ ಮಾತ್ರ ಬೇರೆಬೇರೆ. ಮಲಗಲು ನೆಲದಿಂದ ಮೇಲಿರುವ ಮಂಚ, ಹೆದರಿದ ನಾಯಿಗೆ ಅಡಗಲು ಒಂದು ಮರೆ. ಮಧ್ಯಾಹ್ನ ಎರಡು ಗಂಟೆ ಯಾರೂ ಒಳಗೆ ಹೋಗಬಾರದು. ಇಡೀ ದಿನ ಬೊಗಳುವ ಸದ್ದಿನಲ್ಲಿ ನಾಯಿಗೆ ನಿದ್ದೆಯೇ ಆಗಿರುವುದಿಲ್ಲ.

ರೇಬೀಸ್

ಶೆಲ್ಟರಿನಲ್ಲಿ ದುಡಿಯುವ ಪ್ರತಿಯೊಬ್ಬರಿಗೂ, ಅಡುಗೆಯವರಿಗೂ ಸೇರಿಸಿ, ಮುಂಜಾಗ್ರತೆಯ ಲಸಿಕೆ ಆಗಿರಬೇಕು: 0, 7, ಮತ್ತು 21 ಅಥವಾ 28ನೇ ದಿನ. ಲಸಿಕೆಯಾಗದವರನ್ನು ಗೂಡಿನೊಳಗೆ ಬಿಡಬೇಡಿ, ಸ್ವಯಂಸೇವಕರು ಎಷ್ಟೇ ಉತ್ಸಾಹದಿಂದ ಬಂದಿರಲಿ.

ಬಹಳ ಜನ ತಪ್ಪುವ ಜಾಗ ಒಂದಿದೆ. ನಾಯಿ ಬಾಯಿ ಮುಚ್ಚಲಾರದೆ ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುತ್ತದೆ. ನೋಡಿದವರು ‘ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎಂದು ಬಾಯಿಗೆ ಕೈ ಹಾಕುತ್ತಾರೆ. ಮೂಕ ರೇಬೀಸ್ ಇರುವುದೇ ಹೀಗೆ. ಸ್ವರ ಬದಲಾಗುವುದೂ ಒಂದು ಸೂಚನೆ. ಅಂಥ ನಾಯಿಯನ್ನು ಮುಟ್ಟದೆ ಪ್ರತ್ಯೇಕ ಗೂಡಿಗೆ ಹಾಕಿ, ಬೀಗ ಹಾಕಿ, ವೈದ್ಯರನ್ನು ಕರೆಸಿ. ರೇಬೀಸ್ ಇರುವ ಸಂಭವ ಹೆಚ್ಚು ಎಂದು ಕಂಡುಬಂದರೆ ಸಹಜವಾಗಿ ಸಾಯುವವರೆಗೆ ಪ್ರತ್ಯೇಕವಾಗಿಡಬೇಕೆನ್ನುತ್ತದೆ 2023ರ ನಿಯಮ. ಅದು ಸಾಮಾನ್ಯವಾಗಿ ಹತ್ತು ದಿನ ದಾಟುವುದಿಲ್ಲ. ಆ ದಿನಗಳಲ್ಲಿ ಕತ್ತಲೆ, ನಿಶ್ಶಬ್ದ, ವೈದ್ಯರು ಹೇಳಿದ ಶಮನಕ ಔಷಧಿ ಅದಕ್ಕೆ ಸಿಗಲಿ. ಸತ್ತ ಮೇಲೆ ಪರೀಕ್ಷೆಗೆ ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯವಿದೆ. ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ. ಮುಂಚೆ ಲಸಿಕೆ ಆಗಿದೆ ಎಂದು ಮನೆಯಲ್ಲಿ ಕೂರುವಂತಿಲ್ಲ.

ದಯಾಮರಣದ ಪ್ರಶ್ನೆ

ಕೊಲ್ಲದ ಶೆಲ್ಟರಿನಲ್ಲೂ ಈ ಪ್ರಶ್ನೆ ಬರುತ್ತದೆ. ಬರುವುದಿಲ್ಲ ಎನ್ನುವ ಕಡೆ ನಾಯಿಗಳು ನರಳಿ ನರಳಿ ಸಾಯುತ್ತಿರುತ್ತವೆ. ಜಾಗವಿಲ್ಲ, ಹಣವಿಲ್ಲ, ಯಾರೂ ದತ್ತು ಪಡೆಯಲಿಲ್ಲ ಎಂಬುದು ಎಂದೂ ಕಾರಣವಾಗಕೂಡದು. ಗುಣವಾಗದ ಕಾಯಿಲೆ ಅಥವಾ ಸಾವಿನ ಅಂಚಿನ ಗಾಯ, ಇವೆರಡೇ ಕಾರಣ. ನಿಯಮವೂ ಇದನ್ನೇ ಹೇಳುತ್ತದೆ. ಸ್ಥಳೀಯ ಎಬಿಸಿ ಮೇಲ್ವಿಚಾರಣಾ ಸಮಿತಿ ನೇಮಿಸಿದ ತಂಡ ಅದನ್ನು ಗುರುತಿಸಿರಬೇಕು.

ನೋಡಿದೊಡನೆ ‘ಇದು ಉಳಿಯಲ್ಲ’ ಎನಿಸುವ ನಾಯಿಗಳಲ್ಲಿ ಕೆಲವು ಚೆನ್ನಾಗಿ ಉಳಿಯುತ್ತವೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುವ ಗಡ್ಡೆ ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯ. ವಾರಕ್ಕೊಂದರಂತೆ ನಾಲ್ಕರಿಂದ ಆರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುತೇಕ ಪೂರ್ತಿ ಕರಗುತ್ತದೆ. ಡಿಸ್ಟೆಂಪರ್ ಗೆದ್ದ ನಾಯಿಯ ಕಾಲೋ ತಲೆಯೋ ಬದುಕಿಡೀ ಅದುರುತ್ತಿರಬಹುದು. ಅದು ಉಂಡು, ಓಡಾಡಿ, ಬಾಲ ಅಲ್ಲಾಡಿಸಿಕೊಂಡು ಇರುತ್ತದೆ. ಅದುರುವುದನ್ನು ನೋಡಲು ನಮಗೆ ಕಷ್ಟ ಎಂಬುದು ಅದರ ಕಷ್ಟವಲ್ಲ.

ಅಳೆಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ ರೂಪಿಸಿದ ಏಳು ಪ್ರಶ್ನೆಗಳು ಉಪಯುಕ್ತ: ನೋವು ಹತೋಟಿಯಲ್ಲಿದೆಯೇ, ತಿನ್ನುತ್ತದೆಯೇ, ನೀರಿನಂಶ ಸರಿಯಿದೆಯೇ, ಮೈ ಶುಚಿಯಾಗಿರುತ್ತದೆಯೇ, ಸಂತೋಷ ಕಾಣುತ್ತದೆಯೇ, ಓಡಾಡುತ್ತದೆಯೇ, ಒಳ್ಳೆಯ ದಿನಗಳೇ ಹೆಚ್ಚೇ. ಒಂದೊಂದಕ್ಕೆ 0ಯಿಂದ 10 ಅಂಕ. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಒಬ್ಬರೇ ಅಂಕ ಹಾಕಬಾರದು. ವೈದ್ಯರು, ದಿನವೂ ಊಟ ಹಾಕುವವರು, ಆಡಳಿತದ ಒಬ್ಬರು ಬೇರೆಬೇರೆಯಾಗಿ ಹಾಕಿ, ಎರಡು-ಮೂರು ದಿನ ಹೋಲಿಸಿ ನೋಡಲಿ. ಊಟ ಹಾಕುವವರ ಮಾತಿಗೆ ಹೆಚ್ಚು ತೂಕ ಕೊಡಿ, ಆ ನಾಯಿಯ ಒಳ್ಳೆಯ ದಿನ ಯಾವುದೆಂದು ಬಲ್ಲವರು ಅವರು.

ತೀರ್ಮಾನವಾದ ಮೇಲೆ ಕೆಲಸ ನೋಂದಾಯಿತ ಪಶುವೈದ್ಯರದು: ಮೊದಲು ಮಂಪರು ಔಷಧಿ, ನಂತರ ರಕ್ತನಾಳಕ್ಕೆ ಸೋಡಿಯಂ ಪೆಂಟೊಬಾರ್ಬಿಟಲ್. ಇನ್ನೊಂದು ನಾಯಿಯ ಎದುರು ಮಾಡಕೂಡದು. ಪರಿಚಿತರೊಬ್ಬರು ಅದರ ತಲೆ ಹಿಡಿದುಕೊಂಡಿರಲಿ. ಉಸಿರು ನಿಂತ ಮೇಲೂ ಐದು ನಿಮಿಷ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಔಷಧಿ ಒಳಗೇ ಉಳಿದಿರುವ ಆ ದೇಹವನ್ನು ಬಯಲಿಗೆ ಹಾಕಿದರೆ ತಿಂದ ಹದ್ದು, ನಾಯಿಗಳೂ ಸಾಯುತ್ತವೆ. ದಹಿಸಿ ಅಥವಾ ಆಳವಾಗಿ ಹೂಳಿ.

ಪುಸ್ತಕದಲ್ಲಿ ಏನಿರಬೇಕು

ವರ್ಷಕ್ಕೆ 200 ನಾಯಿಗಳ ಲೆಕ್ಕ ಮುಗಿದಿದೆ ಎನ್ನಿ: 110 ದತ್ತು ಹೋದವು, 40 ತಮ್ಮ ಬೀದಿಗೆ ಮರಳಿದವು, 10 ಬೇರೆ ಶೆಲ್ಟರಿಗೆ, 30 ಒಳಗೇ ಸತ್ತವು, 10ಕ್ಕೆ ದಯಾಮರಣ. ಜೀವಂತ ಹೊರಗೆ ಹೋದದ್ದು 160, ಅಂದರೆ 80 ಪ್ರತಿಶತ. ತಾವಾಗಿ ಸತ್ತ 30ನ್ನು ಲೆಕ್ಕದಿಂದ ತೆಗೆದು 94 ಪ್ರತಿಶತ ಎಂದು ತೋರಿಸುವುದು ದಾನಿಗಳಿಗೆ ಮಾಡುವ ಮೋಸ. ನಿಮಗೂ ಮೋಸವೇ, ಏಕೆಂದರೆ ಆ 30ರಲ್ಲಿ ಎಷ್ಟು ಪಾರ್ವೊ ಮರಿಗಳು ಎಂದು ತಿಳಿದರೆ ತಾನೇ ಬ್ಲೀಚಿನ ತಪ್ಪು ಸಿಗುವುದು. ಅಪಘಾತದ ನಾಯಿಗಳನ್ನೇ ಹೆಚ್ಚು ತೆಗೆದುಕೊಳ್ಳುವ ಕಡೆ 90 ಮುಟ್ಟದಿರಬಹುದು, ಅದರಲ್ಲಿ ನಾಚಿಕೆಯಿಲ್ಲ. ಗಾಯಾಳು, ಮರಿ, ಆರೋಗ್ಯವಂತ ಎಂದು ವಿಂಗಡಿಸಿ ಪ್ರತಿ ತಿಂಗಳು ಬೋರ್ಡಿನಲ್ಲಿ ಹಾಕಿ.

ದತ್ತು ಮತ್ತು ವಾಪಸಾತಿ

ಶಸ್ತ್ರಚಿಕಿತ್ಸೆ, ಲಸಿಕೆ ಮುಗಿದ ಮೇಲೆಯೇ ನಾಯಿ ಹೊರಡಬೇಕು. ತೀರಾ ಚಿಕ್ಕ ಮರಿಯಾದರೆ ಶಸ್ತ್ರಚಿಕಿತ್ಸೆಯ ದಿನಾಂಕ ಬರೆದುಕೊಟ್ಟು ಸಹಿ ಪಡೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಮನೆಯ ಎಲ್ಲರನ್ನೂ ಒಮ್ಮೆ ಶೆಲ್ಟರಿಗೆ ಕರೆಸಿ. ಮಗನ ಹಟಕ್ಕೆ ಒಪ್ಪಿದ ಅಜ್ಜಿಯ ಮುಖ ಅಲ್ಲೇ ಗೊತ್ತಾಗುತ್ತದೆ. ನಾಯಿಯ ದೋಷಗಳನ್ನು ಮುಚ್ಚಿಡಬೇಡಿ. ಗುಡುಗಿಗೆ ಹೆದರುತ್ತದೆ, ಬೆಕ್ಕು ಕಂಡರೆ ಅಟ್ಟುತ್ತದೆ ಎಂದು ಹೇಳಿ ಕಳಿಸಿದ ನಾಯಿ ಮನೆಯಲ್ಲಿ ನಿಲ್ಲುತ್ತದೆ. ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ಫೋನ್ ಮಾಡಿ.

ಯಾವ ಕಾರಣಕ್ಕಾದರೂ ನಾಯಿಯನ್ನು ವಾಪಸ್ ತಂದರೆ ಬೈಯದೆ ತೆಗೆದುಕೊಳ್ಳಿ. ಬೈಗುಳಕ್ಕೆ ಹೆದರಿದವರು ರಾತ್ರಿ ಹೈವೇ ಪಕ್ಕ ಬಿಟ್ಟು ಹೋಗುತ್ತಾರೆ. ಏನಾಯಿತೆಂದು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು, ಗೇಟಿನ ಪಕ್ಕದ ಕೋಣೆಗೆ ಕರೆದೊಯ್ಯಿರಿ: ತೂಕ, ಜ್ವರ, ಒಸಡು, ಮತ್ತೆ 14 ದಿನ.